ಬೇರಿನಲ್ಲಿ ಕೂತ ಗಂಟುಗಳ್ಳ

ಪ್ರಶ್ನೆ: ನಾವು ವಿದ್ಯಾರಣ್ಯಪುರದಲ್ಲಿದ್ದೇವೆ. ತಾರಸಿಯಲ್ಲಿ ಸುಮಾರು 40 ಗ್ರೋ ಬ್ಯಾಗ್, ಮನೆ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಮಡಿ ಇವೆ. ನಾಲ್ಕು ವರ್ಷದಿಂದ ಟೊಮೆಟೊ, ಬದನೆ, ಬೆಂಡೆ, ಅವರೆ ಬೆಳೆಯುತ್ತಿದ್ದೇನೆ. ಈ ಸಲ ಮಡಿಯ ಟೊಮೆಟೊ ಗಿಡಗಳು ಮಂಡಿಯೆತ್ತರಕ್ಕೇ ನಿಂತುಬಿಟ್ಟವು. ಮಧ್ಯಾಹ್ನ ಬಾಡುತ್ತವೆ, ಸಂಜೆಗೆ ಸರಿಹೋಗುತ್ತವೆ. ನೀರು, ಗೊಬ್ಬರ ಯಾವುದಕ್ಕೂ ಕಡಿಮೆ ಮಾಡಿಲ್ಲ. ಸಂಕ್ರಾಂತಿ ಆದಮೇಲೆ ಒಂದು ಗಿಡ ಕಿತ್ತು ನೋಡಿದರೆ ಬೇರೆಲ್ಲ ಎಳೇ ಶುಂಠಿಯ ಹಾಗೆ ಗಂಟು ಗಂಟು. ಪಕ್ಕದ ಅವರೆ ಕಿತ್ತರೆ ಅದರಲ್ಲೂ ಗಂಟು! ಊರಲ್ಲಿ ಬೇಸಾಯ ಮಾಡುವ ನಮ್ಮ ಭಾವ "ಇದು ಒಳ್ಳೇ ಗಂಟು, ಸಾರಜನಕ ಹಿಡಿಯುತ್ತೆ, ಬಿಡು" ಅಂದರು. ತಾರಸಿ ತೋಟದ ಗೆಳತಿ "ನೆಮಟೋಡ್ ಕಣೇ, ಮಣ್ಣೆಲ್ಲ ಎಸೆದುಬಿಡು" ಅಂದಳು. ಗೊಬ್ಬರದಂಗಡಿಯವರು ಒಂದು ಹರಳು ಔಷಧದ ಪ್ಯಾಕೆಟ್ ಕೊಟ್ಟಿದ್ದಾರೆ, ಇನ್ನೂ ಒಡೆದಿಲ್ಲ. ಒಂದು ಬ್ಯಾಗಿನ ಮಣ್ಣಲ್ಲಿ ಬಿಳಿ ದಾರದಂಥ ಹುಳಗಳನ್ನೂ ನೋಡಿದ್ದೇನೆ. ಜಂತುಹುಳು ಅನ್ನುವ ಮಾತು ಕಿವಿಗೆ ಬಿದ್ದಾಗಿನಿಂದ ನಮ್ಮತ್ತೆ ಮೊಮ್ಮಗನಿಗೆ ಆ ಟೊಮೆಟೊ ಕೊಡಲೇಬೇಡ ಅನ್ನುತ್ತಿದ್ದಾರೆ. ಇದನ್ನು ಗುರುತಿಸುವುದು ಹೇಗೆ? ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ಸಮಾಧಾನ ಹೇಳಿಬಿಡೋಣ, ಮನೆಯಲ್ಲಿ ಸಾರು ನಿಲ್ಲಬಾರದು. ಆ ಟೊಮೆಟೊ ಧಾರಾಳವಾಗಿ ತಿನ್ನಬಹುದು, ಮೊಮ್ಮಗನಿಗೂ ಕೊಡಬಹುದು. ಎಡವಟ್ಟು ಆಗಿರುವುದು ಹೆಸರಿನಲ್ಲಿ. ಮಕ್ಕಳ ಹೊಟ್ಟೆಯಲ್ಲಿ ಆಗುವುದಕ್ಕೂ ನಾವು ಜಂತುಹುಳು ಅನ್ನುತ್ತೇವೆ, ಬೇರಿನಲ್ಲಿ ಆಗುವುದಕ್ಕೂ ಕೃಷಿ ಪುಸ್ತಕಗಳಲ್ಲಿ ಬೇರುಗಂಟು ಜಂತುಹುಳು ಅಂತಲೇ ಬರೆಯುತ್ತೇವೆ. ದೂರದ ಸಂಬಂಧ ಇರುವುದು ನಿಜ, ಎರಡೂ ನೆಮಟೋಡ್‌ಗಳೇ. ಆದರೆ ಬೇರಿನ ಹುಳದ ಬಾಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಮುಳ್ಳಿದೆ. ಅದು ಗಿಡದ ಜೀವಕೋಶ ಚುಚ್ಚಿ ರಸ ಹೀರುವುದಕ್ಕೆಂದೇ ಇರುವುದು. ಮನುಷ್ಯರ ಹೊಟ್ಟೆಯಲ್ಲಿ ಅದು ಬದುಕುವುದಿಲ್ಲ. ಜೊತೆಗೆ ಅದರ ವಾಸ ಬೇರಿನಲ್ಲಿ, ಹಣ್ಣಿಗೆ ಹತ್ತಿ ಬರುವುದಿಲ್ಲ. ಕ್ಯಾರೆಟ್, ಬೀಟ್‌ರೂಟ್‌ನಲ್ಲೇ ಗಂಟು ಇದ್ದರೂ ಸಿಪ್ಪೆ ಹೆರೆದು ಬೇಯಿಸಿದರೆ ಆಯಿತು. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ.

ಎರಡನೆಯದು ಆ ಬಿಳಿ ದಾರದ ಹುಳಗಳು. ಅವು ನಿಮಗೆ ಕಂಡವು ತಾನೇ? ಹಾಗಿದ್ದರೆ ಅವು ನೀವು ಹೆದರುತ್ತಿರುವ ಹುಳ ಅಲ್ಲ. ಬೇರುಗಂಟಿನ ಮರಿಹುಳದ ಉದ್ದ ಅರ್ಧ ಮಿಲಿಮೀಟರ್ ಕೂಡ ಸರಿಯಾಗಿ ಇರುವುದಿಲ್ಲ, ದಪ್ಪವಂತೂ ಕೂದಲಿಗಿಂತ ಕಡಿಮೆ. ಮಣ್ಣಿನಲ್ಲಿ ಅದನ್ನು ಬರಿಗಣ್ಣಿಗೆ ಕಂಡವರು ಯಾರೂ ಇಲ್ಲ. ನೀವು ನೋಡಿದ್ದು ಬಹುಶಃ ಎರೆಹುಳದ ಚಿಕ್ಕ ದಾಯಾದಿಗಳು. ಒಂದು ಸೆಂಟಿಮೀಟರ್ ಆಸುಪಾಸಿನ ಬಿಳಿ ಹುಳಗಳು, ಕೊಳೆತ ಎಲೆ, ಗೊಬ್ಬರ ತಿಂದುಕೊಂಡು ಇರುತ್ತವೆ. ಜಾಸ್ತಿ ಕಂಡರೆ ನೀರು ಹೆಚ್ಚಾಗಿದೆ ಅಂತ ಅರ್ಥ. ಒಂದೆರಡು ದಿನ ನೀರು ಬಿಗಿ ಹಿಡಿಯಿರಿ, ಸಾಕು.

ಈಗ ಗಂಟಿನ ವಿಷಯ. ನಿಮ್ಮ ಭಾವನವರ ಮಾತಲ್ಲಿ ಅರ್ಧ ಸತ್ಯ ಇದೆ, ಗೆಳತಿಯ ಮಾತಲ್ಲೂ ಅರ್ಧ ಸತ್ಯ ಇದೆ. ತಮಾಷೆ ಅಂದರೆ ಇಬ್ಬರೂ ಹೇಳಿದ್ದು ಬೇರೆ ಬೇರೆ ಗಿಡಕ್ಕೆ ಸರಿ.

ಸಾರಜನಕ ಹಿಡಿಯುವ ರೈಜೋಬಿಯಂ ಎಂಬ ದುಂಡಾಣುವಿನ (ಬ್ಯಾಕ್ಟೀರಿಯಾ) ಗಂಟು ಬರುವುದು ದ್ವಿದಳ ಜಾತಿಗೆ. ಅವರೆ, ಅಲಸಂದೆ, ತೊಗರಿ, ಹುರುಳಿ, ಕಡಲೆಕಾಯಿ, ಹೀಗೆ. ಟೊಮೆಟೊ, ಬದನೆ, ಬೆಂಡೆ, ಸೌತೆ ಗಿಡಗಳಿಗೆ ಆ ಯೋಗ ಇಲ್ಲ. ಹಾಗಾಗಿ ಟೊಮೆಟೊ ಬೇರಲ್ಲಿ ಗಂಟು ಕಂಡು ಯಾರಾದರೂ "ಒಳ್ಳೇದು" ಅಂದರೆ, ಹೇಳಿದವರು ಎಷ್ಟೇ ಹಿರಿಯರಾಗಿರಲಿ, ನಂಬಬೇಡಿ. ಅವರೆ ಬೇರಲ್ಲಿ ಕಂಡಿದ್ದಕ್ಕೆ ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು.

ಹೇಗೆ ಅಂತ ಹೇಳುತ್ತೇನೆ. ಗಿಡವನ್ನು ಕೈಯಲ್ಲಿ ಹಿಡಿದು ಕೀಳಬೇಡಿ. ಎಳೆದರೆ ಸಣ್ಣ ಬೇರುಗಳೆಲ್ಲ ಮಣ್ಣಲ್ಲೇ ಕಿತ್ತು ಉಳಿಯುತ್ತವೆ, ನಮಗೆ ಬೇಕಾದ ಸಾಕ್ಷಿ ಇರುವುದೇ ಆ ಸಣ್ಣ ಬೇರಲ್ಲಿ. ಕೈಗುದ್ದಲಿಯಿಂದ ಸುತ್ತ ಒಂದು ಗೇಣು ಬಿಟ್ಟು ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಹತ್ತು ನಿಮಿಷ ನೆನೆಹಾಕಿ. ಆಮೇಲೆ ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ. ನಲ್ಲಿಯ ರಭಸಕ್ಕೆ ಹಿಡಿಯಬೇಡಿ. ತೊಳೆದ ಬೇರನ್ನು ಬಿಳಿ ತಟ್ಟೆಯಲ್ಲಿ ಹರಡಿ, ಬೆಳಗಿನ ಬಿಸಿಲಲ್ಲಿ ಕೂತು ನೋಡಿ.

ಒಳ್ಳೇ ಗಂಟು ಬೇರಿನ ಪಕ್ಕಕ್ಕೆ ಅಂಟಿಸಿದ ಮಣಿಯ ಹಾಗೆ ಕೂತಿರುತ್ತೆ. ಉಗುರಿನಿಂದ ನೂಕಿದರೆ ಪುಟಕ್ಕನೆ ಕಳಚಿ ಬರುತ್ತೆ, ಬೇರು ಹಾಗೇ ಉಳಿಯುತ್ತೆ. ಆ ಮಣಿಯನ್ನು ಉಗುರಲ್ಲೇ ಸೀಳಿದರೆ ಒಳಗೆ ಗುಲಾಬಿ ಅಥವಾ ಮಾಂಸದ ಕೆಂಪು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದರ ಸೋದರ ಪದಾರ್ಥವೊಂದು ಅಲ್ಲಿದೆ, ಬಣ್ಣ ಅದರದ್ದು. ಗಂಟು ಹಳೆಯದಾದರೆ ಹಸಿರು, ಕಂದು ತಿರುಗಿರುತ್ತೆ. ಅದಕ್ಕೆ ಒಂದನ್ನೇ ಸೀಳಿ ತೀರ್ಮಾನ ಮಾಡಬೇಡಿ, ಐದಾರು ಸೀಳಿ ನೋಡಿ.

ಜಂತುಹುಳುವಿನ ಗಂಟು ಹಾಗಲ್ಲ. ಅಲ್ಲಿ ಪಕ್ಕಕ್ಕೆ ಅಂಟಿರುವುದು ಏನೂ ಇಲ್ಲ, ಬೇರೇ ಊದಿಕೊಂಡಿರುತ್ತೆ. ಹೆಬ್ಬಾವು ಮೇಕೆ ನುಂಗಿದ ಹಾಗೆ ನಡುನಡುವೆ ಉಬ್ಬು. ಕೀಳಲು ಹೋದರೆ ಬೇರೇ ತುಂಡಾಗುತ್ತೆ. ಒಳಗೆ ಕೆಂಪು ಇಲ್ಲ, ಬಿಳಿ ಅಥವಾ ಮಾಸಲು ಬಣ್ಣ. ಸಣ್ಣ ಬೇರಿನ ಉಬ್ಬುಗಳು ಸಾಸಿವೆ ಕಾಳಿನಷ್ಟು, ಒಂದಕ್ಕೊಂದು ಸೇರಿಕೊಂಡಾಗ ನೀವು ಹೇಳಿದ ಹಾಗೆ ಶುಂಠಿಯಂತೆ ಆಗುತ್ತವೆ. ಅವರೆಗೆ ಎರಡೂ ಬರಬಹುದು ಅನ್ನುವುದನ್ನು ಮರೆಯಬೇಡಿ. ಒಂದೇ ಬೇರಲ್ಲಿ ಮೇಲುಗಡೆ ಕೆಂಪು ಮಣಿಗಳು, ಕೆಳಗಡೆ ಊದಿದ ಬೇರು ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದೇ ಮನೆಯಲ್ಲಿ ನೆಂಟನೂ ಇದ್ದಾನೆ, ಗಂಟುಗಳ್ಳನೂ ಇದ್ದಾನೆ.

ಇಷ್ಟಕ್ಕೂ ಅನುಮಾನ ಹೋಗದಿದ್ದರೆ ಒಂದು ಭೂತಗನ್ನಡಿ ತೆಗೆದುಕೊಳ್ಳಿ, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವುದು ಸಾಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ. ಟೊಮೆಟೊ ಬೇರಿನ ಮಧ್ಯಮ ಗಾತ್ರದ ಒಂದು ಗಂಟನ್ನು ಒದ್ದೆ ತಟ್ಟೆಯ ಮೇಲಿಟ್ಟು ಎರಡು ಗುಂಡುಸೂಜಿಯಿಂದ ಮೆಲ್ಲಗೆ ಬಿಡಿಸುತ್ತಾ ಹೋಗಿ. ನಾರು, ನಾರಿನ ಮಧ್ಯೆ ಹೊಳೆಯುವ ಒಂದು ಬಿಳಿ ಚುಕ್ಕೆ ಸಿಗುತ್ತೆ. ಬೇಯಿಸಿದ ಸಬ್ಬಕ್ಕಿಯ ಕಾಳನ್ನು ಗುಂಡುಸೂಜಿ ತಲೆಯಷ್ಟಕ್ಕೆ ಕುಗ್ಗಿಸಿದ ಹಾಗೆ. ಒಂದು ಕಡೆ ಚೂಪು, ಒಂದು ಕಡೆ ದುಂಡು. ಸೂಜಿ ತಾಗಿದರೆ ಸರಕ್ಕನೆ ಜಾರುತ್ತೆ, ಜೋರಾಗಿ ಒತ್ತಿದರೆ ಒಡೆದುಹೋಗುತ್ತೆ. ಅದೇ ಹೆಣ್ಣು ಹುಳ. ಮೆಲಾಯ್ಡೋಗೈನ್ ಅನ್ನುವ ಇದರ ವಿಜ್ಞಾನದ ಹೆಸರಿಗೆ ಗ್ರೀಕಿನಲ್ಲಿ "ಸೇಬಿನ ಆಕಾರದ ಹೆಣ್ಣು" ಅಂತ ಅರ್ಥ. ಬೇರಿನ ಹೊರಮೈಯಲ್ಲಿ ಅಲ್ಲಲ್ಲಿ ಕಂದು ಬಣ್ಣದ ಲೋಳೆಯ ಚುಕ್ಕೆ ಕಂಡರೆ ಅದು ಅವಳ ಮೊಟ್ಟೆಯ ಮುದ್ದೆ. ಒಂದು ಮುದ್ದೆಯಲ್ಲಿ ಕೆಲವು ನೂರು ಮೊಟ್ಟೆ ಇರುತ್ತವೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರಿಗೆ ಮತ್ತೆ ಯಾರ ಅಭಿಪ್ರಾಯವೂ ಬೇಕಾಗುವುದಿಲ್ಲ.

ಒಳಗೆ ನಡೆಯುವುದೇನು ಅಂತ ತಿಳಿದರೆ ಗಿಡ ಯಾಕೆ ಮಧ್ಯಾಹ್ನ ಬಾಡುತ್ತೆ ಅನ್ನುವುದೂ ಅರ್ಥವಾಗುತ್ತೆ. ಮೊಟ್ಟೆಯಿಂದ ಹೊರಬಂದ ಮರಿ ಬೇರಿನ ತುದಿಯ ಹತ್ತಿರ ಒಳಗೆ ತೂರುತ್ತೆ. ನೀರು, ಆಹಾರ ಸಾಗುವ ನಾಳದ ಪಕ್ಕ ಹೋಗಿ ಜಾಗ ಹಿಡಿದು ಕೂರುತ್ತೆ. ತನ್ನ ಸೂಜಿಮೂತಿಯಿಂದ ಸುತ್ತಲಿನ ಕೆಲವೇ ಕೋಶಗಳಿಗೆ ಜೊಲ್ಲು ಬಿಡುತ್ತೆ. ಆ ಕೋಶಗಳು ದೈತ್ಯವಾಗಿ ಬೆಳೆದು, ಹುಳಕ್ಕೆ ದಿನವೂ ಊಟ ಬಡಿಸುವ ಅಡುಗೆಮನೆ ಆಗಿಬಿಡುತ್ತವೆ. ಸುತ್ತಲಿನ ಕೋಶಗಳೂ ಹೆಚ್ಚಿ ಗಂಟು ಕಟ್ಟುತ್ತೆ. ಹೆಣ್ಣು ಮತ್ತೆ ಅಲ್ಲಿಂದ ಕದಲುವುದಿಲ್ಲ, ಕೂತಲ್ಲೇ ಊದಿಕೊಂಡು ಮೊಟ್ಟೆ ಇಡುತ್ತಾಳೆ. ಬಹಳಷ್ಟು ಜಾತಿಗಳಲ್ಲಿ ಅದಕ್ಕೆ ಗಂಡೂ ಬೇಕಿಲ್ಲ. ನಾಳಗಳು ತಿರುಚಿಕೊಂಡು ನೀರು ಮೇಲೇರುವುದು ಕಡಿಮೆಯಾಗುತ್ತೆ. ಬಿಸಿಲು ಏರಿದಾಗ ಎಲೆ ಕೇಳಿದಷ್ಟು ನೀರನ್ನು ಬೇರು ಕೊಡಲಾರದು, ಸಂಜೆ ಕೊಡಬಲ್ಲದು. ನೀವು ಗೊಬ್ಬರ ಹಾಕಿದರೂ ಗಿಡ ಹಳದಿಯಾಗಿ ಕುಳ್ಳಗೇ ಇರುವುದು ಇದಕ್ಕೇ. ತಟ್ಟೆಗೆ ಎಷ್ಟು ಬಡಿಸಿದರೇನು, ಗಂಟಲೇ ಕಟ್ಟಿದೆ.

ಮಣ್ಣಿನ ಬಿಸಿ 25ರಿಂದ 28 ಡಿಗ್ರಿ ಇದ್ದರೆ ಮೊಟ್ಟೆಯಿಂದ ಮೊಟ್ಟೆಗೆ 25-30 ದಿನ ಸಾಕು. ಬೆಂಗಳೂರಿನ ಹವೆ ನಮಗೆಷ್ಟು ಹಿತವೋ ಅದಕ್ಕೂ ಅಷ್ಟೇ ಹಿತ. ಇಲ್ಲಿ ಅದನ್ನು ಕೊಲ್ಲುವಂಥ ಚಳಿಯೂ ಇಲ್ಲ. ಒಂದು ಟೊಮೆಟೊ ಬೆಳೆ ಮುಗಿಯುವಷ್ಟರಲ್ಲಿ ಮೂರ್ನಾಲ್ಕು ತಲೆಮಾರು ದಾಟಿರುತ್ತೆ. ನಾಲ್ಕು ವರ್ಷ ಅದೇ ಮಡಿಗೆ ಟೊಮೆಟೊ, ಬದನೆ, ಬೆಂಡೆ ಹಾಕಿದ್ದೀರಿ. ಮೂರೂ ಅದಕ್ಕೆ ಹಬ್ಬದೂಟ. ನೀವು ತಪ್ಪು ಮಾಡಿದಿರಿ ಅಂತ ಹೇಳುತ್ತಿಲ್ಲ, ಅಡುಗೆಗೆ ಬೇಕಾದ್ದನ್ನೇ ತಾನೇ ಎಲ್ಲರೂ ಬೆಳೆಯುವುದು. ನಮ್ಮ ಕಡೆಗೆ ಇದು ಹೊಸದೂ ಅಲ್ಲ. ನೀಲಗಿರಿ ಸೀಮೆಯ ದೇವಾಲದ ಚಹಾ ತೋಟದಲ್ಲಿ ಬಾರ್ಬರ್ ಎಂಬುವರು ಇದನ್ನು 1901ರಲ್ಲೇ ಗುರುತಿಸಿದ್ದರು.

ಹಾಗಾದರೆ ಇದು ನಿಮ್ಮ ಮನೆಗೆ ಬಂದಿದ್ದು ಎಲ್ಲಿಂದ? ಹುಳ ತಾನಾಗಿ ವರ್ಷಕ್ಕೆ ಒಂದು ಮೀಟರ್ ಹರಿದರೆ ಹೆಚ್ಚು. ಉಳಿದ ದಾರಿಯೆಲ್ಲ ನಮ್ಮ ಹೆಗಲ ಮೇಲೆ. ಮೊದಲ ಅನುಮಾನ ಯಾವಾಗಲೂ ಸಸಿಯ ಮೇಲೆ. ಮಣ್ಣಿನಲ್ಲಿ ಬೆಳೆಸಿದ ಟೊಮೆಟೊ, ಬದನೆ ಸಸಿ ತರುವಾಗ ಒಂದನ್ನು ಅಲ್ಲೇ ತೊಳೆದು ಬೇರು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಬೆಳೆಸಿದ ಸಸಿ ಎಷ್ಟೋ ವಾಸಿ. ಆಮೇಲೆ ಮಣ್ಣು. ಹಳೇ ತೋಟದ ಮೇಲ್ಮಣ್ಣು ತಂದರೆ ಹುಳವೂ ಜೊತೆಗೆ ಬರಬಹುದು. ಕಟ್ಟಡದ ಪಾಯ ತೆಗೆದಾಗ ಆರೆಂಟು ಅಡಿ ಕೆಳಗಿಂದ ಬರುವ ಕೆಮ್ಮಣ್ಣಿನಲ್ಲಿ ಬೇರಿನ ಸೋಂಕು ಇರುವುದು ಅಪರೂಪ, ಆದರೆ ಅದರಲ್ಲಿ ಸಾರವೂ ಇಲ್ಲ, ಗೊಬ್ಬರ ಜಾಸ್ತಿ ಬೇಕು. ಮೂರನೆಯದು ನಿಮ್ಮ ಗುದ್ದಲಿ, ಚಪ್ಪಲಿ.

ಇಲ್ಲಿ ಒಂದು ಎಚ್ಚರಿಕೆ. ಗಂಟು ಕಂಡ ಮಾತ್ರಕ್ಕೆ ಎಲ್ಲಾ ತಪ್ಪನ್ನೂ ಅದರ ತಲೆಗೇ ಕಟ್ಟಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಎಡವಿದ್ದೇನೆ. ಕೋಲಾರದ ಕಡೆ ಒಂದು ಟೊಮೆಟೊ ಹೊಲ. ಬೇರಲ್ಲಿ ನಾಲ್ಕು ಗಂಟು ನೋಡಿದ್ದೇ ತಡ, ನೆಮಟೋಡ್ ಅಂತ ಬರೆದುಕೊಟ್ಟು ಬಂದೆ. ವಾರದೊಳಗೆ ಅರ್ಧ ಹೊಲ ಹಸಿರಿದ್ದಂತೆಯೇ ಸೊರಗಿ ಮಲಗಿತು. ಅದು ದುಂಡಾಣು ಸೊರಗು ರೋಗ. ಗಂಟಿನ ಹುಳ ಗಿಡವನ್ನು ತಿಂಗಳಾನುಗಟ್ಟಲೆ ಬಡಕಲು ಮಾಡುತ್ತೆ, ವಾರದಲ್ಲಿ ಕೊಲ್ಲುವುದಿಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ಹುಳ ಕೊರೆದ ಗಾಯದಿಂದ ಆ ದುಂಡಾಣು ಒಳಗೆ ನುಗ್ಗುವುದು ಸುಲಭ, ಹಾಗಾಗಿ ಎರಡೂ ಒಟ್ಟಿಗೆ ಇರುತ್ತವೆ. ಪರೀಕ್ಷೆ ಮನೆಯಲ್ಲೇ ಆಗುತ್ತೆ. ಬಾಡಿದ ಗಿಡದ ಬುಡದ ಕಾಂಡ ಎರಡು ಮೂರು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಐದಾರು ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ದುಂಡಾಣು. ಇಳಿಯದಿದ್ದರೆ ನೆಮ್ಮದಿ. ನಿಮ್ಮ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತಿದೆ ಅಂದಿರಲ್ಲ, ಅದು ಹುಳದ ಕಡೆಗೇ ಬೆರಳು ತೋರಿಸುತ್ತೆ. ಆದರೂ ಲೋಟದ ಪರೀಕ್ಷೆ ಮಾಡಿಬಿಡಿ, ಖರ್ಚಿಲ್ಲದ ಕೆಲಸ.

ತಾರಸಿಯ 40 ಬ್ಯಾಗುಗಳ ಕಥೆ ಬೇರೆ. ಅವುಗಳಲ್ಲಿ ಎಷ್ಟಕ್ಕೆ ಸೋಂಕಿದೆ ಅಂತ ಇನ್ನೂ ಗೊತ್ತಿಲ್ಲ, ಅಲ್ವಾ? ಎಲ್ಲವನ್ನೂ ಎಸೆಯಿರಿ ಅನ್ನುವುದು ಸುಲಭ, ಮಣ್ಣನ್ನು ಮೂರು ಮಹಡಿ ಹೊತ್ತವರಿಗೆ ಕಷ್ಟ ಗೊತ್ತು. ನಾನು ಹೇಳುವುದು ಬೆಂಡೆ ಪರೀಕ್ಷೆ. ಪ್ರತಿ ಬ್ಯಾಗಿಂದ ಬೇರಿನ ಮಟ್ಟದ ಮಣ್ಣು ಒಂದೊಂದು ಲೋಟ ತೆಗೆದು, ತೂತು ಮಾಡಿದ ಪೇಪರ್ ಕಪ್ಪಿಗೆ ಹಾಕಿ, ಕಪ್ಪಿನ ಮೇಲೆ ಬ್ಯಾಗಿನ ನಂಬರ್ ಬರೆಯಿರಿ. ಎರಡೆರಡು ಬೆಂಡೆ ಬೀಜ ಹಾಕಿ. ಒಂದು ಕಪ್ಪಿಗೆ ಬರೀ ಹೊಸ ತೆಂಗಿನ ನಾರಿನ ಪುಡಿ ಹಾಕಿ, ಅದು ಹೋಲಿಸಿ ನೋಡಲು. 35-40 ದಿನ ಬಿಟ್ಟು ಬೇರು ತೊಳೆದು ಗಂಟು ಎಣಿಸಿ. ನಮ್ಮಲ್ಲಿ 0ಯಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಗಂಟೇ ಇಲ್ಲದಿದ್ದರೆ 0, ಒಂದೆರಡು ಇದ್ದರೆ 1, ಹತ್ತರವರೆಗೆ 2, ಮೂವತ್ತರವರೆಗೆ 3, ನೂರರವರೆಗೆ 4, ಅದಕ್ಕೂ ಮೇಲೆ 5. ಇಲ್ಲಿ ಕಡಿಮೆ ಅಂಕ ತೆಗೆದವನೇ ಜಾಣ. 0 ಬಂದ ಬ್ಯಾಗನ್ನು ಮುಟ್ಟಬೇಡಿ, ಅದರ ಗುದ್ದಲಿಯನ್ನೂ ಬೇರೆ ಇಡಿ.

ಇನ್ನು ಲ್ಯಾಬ್. ಮನೆ ತೋಟಕ್ಕೆ ಅದು ಕಡ್ಡಾಯ ಅಲ್ಲ. ನಿಮ್ಮ ಭಾವನವರಂತೆ ಎಕರೆಗಟ್ಟಲೆ ಬೆಳೆಯುವವರಿಗೆ, ಪಾಲಿಹೌಸ್‌ನಲ್ಲಿ ದಪ್ಪ ಮೆಣಸಿನಕಾಯಿ, ಜರ್ಬೆರಾ ಹಾಕುವವರಿಗೆ, ಸೀಬೆ, ದಾಳಿಂಬೆ ಸಸಿ ನೆಡುವವರಿಗೆ ಖಂಡಿತ ಬೇಕು. ಬೆಂಗಳೂರಿನವರಿಗೆ ಇದು ದೂರವೂ ಅಲ್ಲ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಇದೆ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ. ಸ್ಯಾಂಪಲ್ ತೆಗೆಯುವಾಗ ಸತ್ತ ಗಿಡದ ಬುಡ ಬೇಡ, ಅಲ್ಲಿ ಹುಳಕ್ಕೂ ಊಟ ಮುಗಿದಿರುತ್ತೆ. ಸೊರಗುತ್ತಿರುವ ಗಿಡಗಳ ಬುಡದಿಂದ, ಒಂದು ಗೇಣು ಆಳದ ಮಣ್ಣನ್ನು ಹತ್ತಾರು ಕಡೆ ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋ ಸಾಕು. ಜೊತೆಗೆ ಒಂದು ಹಿಡಿ ಸಣ್ಣ ಬೇರು. ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಒಣಗಿಸಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬೆಂದುಹೋದ ಸ್ಯಾಂಪಲ್‌ನಲ್ಲಿ ಹುಳ ಸಿಗುವುದಿಲ್ಲ, "ಲ್ಯಾಬಲ್ಲಿ ಏನೂ ಇಲ್ಲ ಅಂದರು" ಅಂತ ವಾಪಸ್ ಬರುತ್ತೀರಿ. ನಮ್ಮ ಮೇಜಿಗೆ ಬರುವ ಸ್ಯಾಂಪಲ್‌ಗಳಲ್ಲಿ ಇದೊಂದು ದೊಡ್ಡ ಗೋಳು.

ಲ್ಯಾಬಲ್ಲಿ ಯಾವ ಜಾತಿ ಅಂತ ಹೇಗೆ ಹೇಳುತ್ತಾರೆ? ಹೆಣ್ಣು ಹುಳದ ಹಿಂಭಾಗದ ಚರ್ಮವನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅಲ್ಲಿ ಹೆಬ್ಬೆರಳ ಗುರುತಿನಂಥ ಗೆರೆಗಳಿವೆ. ಇನ್‌ಕಾಗ್ನಿಟಾ ಜಾತಿಯಲ್ಲಿ ಮೇಲಿನ ಕಮಾನು ಎತ್ತರ, ಚೌಕ ಚೌಕ. ಜಾವಾನಿಕಾದಲ್ಲಿ ಎರಡೂ ಪಕ್ಕ ಗೆರೆ ಎಳೆದು ಪಾಲು ಮಾಡಿದಂತೆ ಇರುತ್ತೆ. ಅರೆನೇರಿಯಾದ ಕಮಾನು ತಗ್ಗು. ಇಷ್ಟು ಓದಿ ಸುಲಭ ಅನ್ನಿಸಬಹುದು, ಆದರೆ ಎಂಟೆರೊಲೋಬಿಯೈ ಅಂತ ಒಂದಿದೆ, ಸೀಬೆ ತೋಟಗಳ ನಿದ್ದೆ ಕೆಡಿಸಿರುವ ಜಾತಿ. ಅದರ ಗೆರೆ ಇನ್‌ಕಾಗ್ನಿಟಾದಂತೆಯೇ ಕಂಡು ಅನುಭವಸ್ಥರಿಗೂ ಮೋಸ ಮಾಡುತ್ತೆ. ಆಗ ಡಿಎನ್‌ಎ ಪರೀಕ್ಷೆಯೇ ಬೇಕು.

ಜಾತಿ ತಿಳಿದು ಏನು ಮಾಡುವುದು ಅಂತೀರಾ? ಒಂದು ಉದಾಹರಣೆ. ಇನ್‌ಕಾಗ್ನಿಟಾ ಕಡಲೆಕಾಯಿ ಗಿಡದಲ್ಲಿ ಬದುಕುವುದಿಲ್ಲ. ಹೊಲದಲ್ಲಿ ಅದೊಂದೇ ಇದ್ದರೆ ಟೊಮೆಟೊ ಆದಮೇಲೆ ಕಡಲೆಕಾಯಿ ಹಾಕಿದರೆ ಹುಳ ಉಪವಾಸ ಬೀಳುತ್ತೆ. ಆದರೆ ಅರೆನೇರಿಯಾದ ಒಂದು ಪಂಗಡ, ಜಾವಾನಿಕಾದ ಕೆಲವು ಪಂಗಡ ಕಡಲೆಕಾಯಿಯನ್ನೂ ಬಿಡುವುದಿಲ್ಲ. ಜಾತಿ ನೋಡದೆ ಬೆಳೆ ಬದಲಿಸಿದರೆ ಅದಕ್ಕೆ ಊಟದ ರುಚಿ ಬದಲಿಸಿದಂತೆ ಆಗುತ್ತೆ, ಅಷ್ಟೇ.

ಈಗ ಪರಿಹಾರಕ್ಕೆ ಬರೋಣ. ಪೂರ್ತಿ ನಿರ್ಮೂಲ ಮಾಡಿಕೊಡುತ್ತೇನೆ ಅಂತ ಯಾರು ಹೇಳಿದರೂ ಕಾಸು ಕೊಡಬೇಡಿ. ನೆಲದಲ್ಲಿ ಬಿದ್ದ ಹುಳ ಪೂರ್ತಿ ಹೋಗುವುದಿಲ್ಲ, ಗಿಡ ತಾಳುವಷ್ಟಕ್ಕೆ ಇಳಿಸಬಹುದು.

ಇವತ್ತೇ ಮಾಡಬೇಕಾದ್ದು, ಗಂಟಿರುವ ಬೇರುಗಳನ್ನು ಅಗೆದು ತೆಗೆಯುವುದು. ಗಿಡದ ಮೇಲ್ಭಾಗ ಕಾಂಪೋಸ್ಟಿಗೆ ಹೋಗಲಿ, ತೊಂದರೆ ಇಲ್ಲ. ಬೇರು ಮಾತ್ರ ಹಾಕಬೇಡಿ. ಮನೆಯ ಕಾಂಪೋಸ್ಟ್ ಡಬ್ಬ ಮೊಟ್ಟೆ ಸಾಯುವಷ್ಟು ಬಿಸಿಯಾಗುವುದು ಕಡಿಮೆ. ತಾರಸಿಯ ಸಿಮೆಂಟಿನ ಮೇಲೆ ಗರಿಗರಿ ಒಣಗಿಸಿ, ಕವರಿಗೆ ತುಂಬಿ ಕಸಕ್ಕೆ ಕೊಡಿ. ಹಾಗೇ ಮಡಿಯಲ್ಲಿರುವ ಕಾಕಿಸೊಪ್ಪಿನಂಥ ಕಳೆ ತೆಗೆಯಿರಿ. ನೀವು ಬೆಳೆ ನಿಲ್ಲಿಸಿದರೂ ಅವುಗಳ ಬೇರಲ್ಲಿ ಹುಳ ಸುಮ್ನೆ ಕಾಲ ತಳ್ಳುತ್ತಿರುತ್ತೆ.

ಗ್ರೋ ಬ್ಯಾಗಿನ ಮಣ್ಣಿಗೆ ಬಿಸಿಲೇ ಮದ್ದು. ಮಾರ್ಚ್ ಮಧ್ಯದಿಂದ ಏಪ್ರಿಲ್ ಮುಗಿಯುವವರೆಗೆ ನಮ್ಮ ತಾರಸಿಗಳು ಕಾವಲಿಯಂತೆ ಕಾಯುತ್ತವೆ. ಮಣ್ಣನ್ನು ಉಂಡೆ ಕಟ್ಟುವಷ್ಟು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒಂದು ಗೇಣಿಗಿಂತ ದಪ್ಪ ಆಗದಂತೆ ಮಲಗಿಸಿ, ಬಾಯಿ ಬಿಗಿದು ನಾಲ್ಕರಿಂದ ಆರು ವಾರ ಬಿಡಿ. ವಾರಕ್ಕೊಮ್ಮೆ ಮಗ್ಗುಲು ಬದಲಿಸಿ. ಕಪ್ಪು ಪ್ಲಾಸ್ಟಿಕ್ ಜಾಸ್ತಿ ಕಾಯುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಯುವುದು ಪ್ಲಾಸ್ಟಿಕ್, ಮಣ್ಣಲ್ಲ. ಪಾರದರ್ಶಕದಲ್ಲಿ ಬಿಸಿಲು ಒಳಗೆ ಹೋಗಿ ಮಣ್ಣನ್ನೇ ಕಾಯಿಸುತ್ತೆ. ಒಣ ಮಣ್ಣೂ ಬೇಡ, ತೇವ ಇದ್ದರೆ ಶಾಖ ಚೆನ್ನಾಗಿ ಇಳಿಯುತ್ತೆ. ಇದರ ತೊಂದರೆ ಅಂದರೆ ಒಳ್ಳೇ ಜೀವಿಗಳೂ ಸಾಕಷ್ಟು ಸಾಯುತ್ತವೆ. ಆಮೇಲೆ ಕಾಂಪೋಸ್ಟ್ ಸೇರಿಸಿ ಮಣ್ಣಿಗೆ ಮತ್ತೆ ಜೀವ ತುಂಬಬೇಕು. ನೆಲದ ಮಡಿಗೂ ಹೀಗೇ ಹಾಳೆ ಹೊದಿಸಬಹುದು, ಆದರೆ ಶಾಖ ಮೇಲಿನ ಒಂದು ಗೇಣಿಗಷ್ಟೇ. ಕೆಳಗಿಳಿದ ಹುಳ ಮಳೆಗಾಲಕ್ಕೆ ವಾಪಸ್ ಬರುತ್ತೆ.

ಅದಕ್ಕೇ ಮಡಿಗೆ ಚೆಂಡುಹೂ. ಈ ಹೂವಿನ ಬಗ್ಗೆ ಒಂದು ತಪ್ಪು ನಂಬಿಕೆ ಬೆಂಗಳೂರಿನ ತಾರಸಿಗಳಲ್ಲೆಲ್ಲ ಹರಡಿದೆ. ಟೊಮೆಟೊ ಪಕ್ಕ ಒಂದು ಚೆಂಡುಹೂ ಗಿಡ ನೆಟ್ಟರೆ ಹುಳ ಓಡಿಹೋಗುತ್ತೆ ಅಂತ. ಓಡುವುದಿಲ್ಲ. ಅದರ ಬೇರಿನಲ್ಲಿ ಹುಳಕ್ಕೆ ವಿಷವಾಗುವ ಆಲ್ಫಾ ಟರ್ಥೈನಿಲ್ ಅನ್ನುವ ಪದಾರ್ಥ ಇರುವುದು ನಿಜ. ಆದರೆ ಅದು ಕೆಲಸ ಮಾಡುವುದು ಆ ಬೇರು ಹರಡಿದಷ್ಟು ಜಾಗದಲ್ಲಿ. ಇಡೀ ಮಡಿಗೆ ಒತ್ತಾಗಿ ಚೆಂಡುಹೂ ಒಂದನ್ನೇ ಹಾಕಿ, ಕಳೆ ಬರದಂತೆ ನೋಡಿಕೊಂಡು, ಎರಡು ಮೂರು ತಿಂಗಳು ಬೆಳೆಸಿದರೆ ಗುಣ ಕಾಣುತ್ತೆ. ಹಸಿರುಗೊಬ್ಬರದ ಸೆಣಬು (ಸನ್‌ಹೆಂಪ್) ಬಿತ್ತಿ ಹೂ ಬರುವ ಮೊದಲು ಮಣ್ಣಿಗೆ ಸೇರಿಸುವುದೂ ಒಳ್ಳೆಯದು. ನಷ್ಟ ಇಷ್ಟೇ, ಅಷ್ಟು ದಿನ ತರಕಾರಿ ಕೊಂಡು ತರಬೇಕು.

ಬೇವಿನ ಹಿಂಡಿಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಬ್ಯಾಗಿಗೆ ಒಂದು ಹಿಡಿ, ನೆಡುವ ಎರಡು ವಾರ ಮೊದಲೇ ಬೆರೆಸಿ ನೀರು ಕೊಡಿ. ನೆಡುವ ದಿನವೇ ಹಾಕಿದರೆ ಕೊಳೆಯುವ ಬಿಸಿಗೆ ಎಳೆ ಬೇರು ಸುಡುತ್ತೆ. ಹಿಂಡಿ ಒಂದನ್ನೇ ನಂಬಿದರೆ ಮಾತ್ರ ಸಾಲದು. ಅದರ ಜೊತೆಗೆ ಹುಳದ ಮೊಟ್ಟೆಯನ್ನು ತಿನ್ನುವ ಶಿಲೀಂಧ್ರಗಳಿವೆ, ಪರ್ಪ್ಯುರಿಯೋಸಿಲಿಯಂ ಲಿಲಾಸಿನಂ, ಪೊಕೋನಿಯಾ ಅಂತ. ಪ್ಯಾಕೆಟ್ ಮೇಲೆ ಮೊದಲನೆಯದಕ್ಕೆ ಪೇಸಿಲೋಮೈಸಿಸ್ ಅನ್ನುವ ಹಳೇ ಹೆಸರೂ ಇರಬಹುದು. ಹೆಸರಘಟ್ಟದ ಸಂಸ್ಥೆ ಇವುಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಅವರ ಲೆಕ್ಕ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋ ಪುಡಿ. ನಿಮಗೆ 10 ಕಿಲೋ ಗೊಬ್ಬರಕ್ಕೆ 20 ಗ್ರಾಂ ಆಯಿತು. ಬೆರೆಸಿ, ತೇವ ಮಾಡಿ, ನೆರಳಲ್ಲಿ ಗೋಣಿಚೀಲ ಮುಚ್ಚಿ 15 ದಿನ ಇಟ್ಟರೆ ಶಿಲೀಂಧ್ರ ಗೊಬ್ಬರದಲ್ಲೆಲ್ಲ ಹಬ್ಬುತ್ತೆ. ತಯಾರಾದ ದಿನಾಂಕ ನೋಡಿ ಕೊಳ್ಳಿ, ಅವಧಿ ಮೀರಿದ ಪ್ಯಾಕೆಟ್ ಬರೀ ಪುಡಿ. ಬೆರೆಸುವಾಗ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ತಾಗಬಾರದು. ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದರೆ ಅವರು ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಫಲ ಮೊದಲ ಬೆಳೆಗೇ ಎದ್ದು ಕಾಣುವುದಿಲ್ಲ, ಎರಡು ಮೂರು ಬೆಳೆ ಕಾಯಬೇಕು.

ತಡೆಯುವ ತಳಿಗಳೂ ಇವೆ. ಅದೇ ಸಂಸ್ಥೆಯ ಅರ್ಕಾ ವರ್ಧನ್ ಟೊಮೆಟೊ ಬೇರುಗಂಟಿನ ಹುಳವನ್ನು ತಡೆಯಲೆಂದು ಬಂದ ಹೈಬ್ರಿಡ್. ಬೀಜ ಇದೆಯೇ ಅಂತ ವಿಚಾರಿಸಿ ನೋಡಿ. ಟೊಮೆಟೊದಲ್ಲಿ ಹೆಚ್ಚಾಗಿ ಬಳಸುವ ತಡೆಯ ಗುಣ ಮಿ ಎಂಬ ಒಂದು ಜೀನ್‌ನಿಂದ ಬಂದಿದ್ದು. ಅದಕ್ಕೊಂದು ಮಿತಿ ಇದೆ, ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಅದು ಸೋಲುತ್ತೆ. ಮಡಿಯಲ್ಲಿ ಚೆನ್ನಾಗಿ ಬಂದ ತಳಿಗೆ ಏಪ್ರಿಲ್ ತಿಂಗಳ ತಾರಸಿ ಬ್ಯಾಗಿನಲ್ಲಿ ಗಂಟು ಕಟ್ಟಿದರೆ ಬೀಜದವರನ್ನು ಬೈಯಬೇಡಿ. ಬುಡಕ್ಕೆ ಒಣ ಎಲೆ ಮುಚ್ಚಿ ತಂಪಾಗಿಡಿ.

ಕೊನೆಗೆ ಆ ಹರಳಿನ ಪ್ಯಾಕೆಟ್. ಒಡೆಯದೆ ಇದ್ದದ್ದು ಒಳ್ಳೆಯದಾಯಿತು. ಅದರ ಮೇಲಿನ ಹೆಸರು ಓದಿ. ಫೋರೇಟ್ ಅಂತ ಇದ್ದರೆ ಅದು ನಮ್ಮ ದೇಶದಲ್ಲಿ 2020ರ ಕೊನೆಗೇ ನಿಷೇಧವಾಗಿದೆ, ಮಾರಿದ್ದೇ ತಪ್ಪು. ಕಾರ್ಬೋಫ್ಯುರಾನ್ ಅಂತ ಇದ್ದರೆ ಅದೂ ಘೋರ ವಿಷ. ಕಾಳು ಎಂದುಕೊಂಡು ಹೆಕ್ಕಿದ ಹಕ್ಕಿ ಸಾಯುತ್ತೆ. ಬ್ಯಾಗಿನ ತಳದಿಂದ ಸೋರುವ ನೀರಿನಲ್ಲಿ ಕರಗಿ ಬರುತ್ತೆ, ಅಲ್ಲೇ ನಿಮ್ಮ ಅತ್ತೆಯವರ ಮೊಮ್ಮಗ ಆಡುತ್ತಾನೆ. ವಾರಕ್ಕೆರಡು ಸಲ ಬೆಂಡೆ ಕೊಯ್ದು ತಿನ್ನುವ ಕಡೆ ಇದಕ್ಕೆ ಜಾಗವೇ ಇಲ್ಲ. ಹೊಲದವರಿಗೆ ಈಗ ಫ್ಲೂಯೋಪೈರಾಮ್, ಫ್ಲೂಯೆನ್ಸಲ್ಫೋನ್ ಅನ್ನುವ ಹೊಸ ಔಷಧಗಳು ಬಂದಿವೆ. ಲೇಬಲ್‌ನಲ್ಲಿ ಹೇಳಿದ ಬೆಳೆಗೆ, ಹೇಳಿದಷ್ಟೇ, ಹೇಳಿದ ಹೊತ್ತಿಗೆ ಹಾಕಿದರೆ ಕೆಲಸ ಮಾಡುತ್ತವೆ. ಆದರೆ ಬೆಲೆ ಜಾಸ್ತಿ, ಪರಿಣಾಮ ಆ ಒಂದು ಬೆಳೆಗೆ. ನಾಲ್ಕು ಮಡಿಯವರು ಅದರ ಗೋಜಿಗೆ ಹೋಗಬೇಡಿ. ಪ್ಯಾಕೆಟ್ಟನ್ನು ಚರಂಡಿಗಾಗಲಿ ಕಸದ ಗಾಡಿಗಾಗಲಿ ಹಾಕದೆ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಬಿಲ್ ಸಮೇತ ಅಂಗಡಿಗೇ ವಾಪಸ್ ಕೊಡಿ.

ಮುಂದಿನ ವಾರ ಅವರೆ ಬೇರು ಸೀಳಿ ಒಳಗಿನ ಬಣ್ಣ ಏನು ಅಂತ ಬರೆಯಿರಿ. ಗಿಡ ಇನ್ನೂ ಕಾಯಿ ಬಿಡುತ್ತಿದ್ದರೆ ಒಂದನ್ನು ಮಾತ್ರ ಅಗೆದರೆ ಸಾಕು, ಉಳಿದದ್ದನ್ನು ಕೊಯ್ದು ಮುಗಿಸಿ.